ಲಕ್ಕಣ್ಣನ ಕ್ಯಾಮ್ ಶಾಫ್ಟು

ಚನ್ನಕೇಶವ ಆ ಹಂಗಾಮಿನಲ್ಲಿ ಆಗಲೇ ಎರಡು ಸಲ ಮೇಲ್ ರೈಲು ತಪ್ಪಿಸಿದ್ದ. ಇನ್ನೊಂದು ಸಲ ತಪ್ಪಿದರೆ ವ್ಯಾನಿನ ಬೀಗದ ಕೈ ಕೊಟ್ಟು ಹೋಗು ಎಂದು ಆಂಜಿನಪ್ಪ ಹೇಳಿಯಾಗಿತ್ತು. ಚಿಕ್ಕಜಾಲದ ಸುತ್ತಮುತ್ತ ದ್ರಾಕ್ಷಿ ಕೊಂಡು ಪುಣೆ ಕಡೆಗೆ ಕಳಿಸುತ್ತಿದ್ದ ಸಾಹುಕಾರ ಅವನು. ಕೂಗಾಡುವ ಆಸಾಮಿಯಲ್ಲ. ಬುಟ್ಟಿಗಳಿಗೆ ಹುಲ್ಲು ಹೊದಿಸುತ್ತಿದ್ದ ಹೆಂಗಸರ ಎದುರಿಗೇ, ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, "ನಿಂಗೆ ಇಟ್ಟಿಗೆ ಗೂಡೇ ಸರಿ ಕಣ್ಲಾ ಕೇಶವ, ಸ್ಟೇರಿಂಗು ಸುಮ್ನೆ" ಎಂದ. ಹೆಂಗಸರು ನಕ್ಕರು.

ಚನ್ನಕೇಶವ ಬೆಳೆದದ್ದು ಜಕ್ಕೂರಿನ ಇಟ್ಟಿಗೆ ಗೂಡಿನಲ್ಲಿ. ನಡೆಯಲು ಕಲಿತಾಗಿನಿಂದ ಮಣ್ಣು ತುಳಿದಿದ್ದ. ಅಪ್ಪ ಇನ್ನೂ ತುಳಿಯುತ್ತಿದ್ದ. ಅವನ ಪಾದ ಒಡೆದು ಒಡೆದು ಒಣಗಿದ ಕೆರೆಯ ತಳದ ಹಾಗಾಗಿತ್ತು. ಚನ್ನಕೇಶವ ಲಾರಿ ಕ್ಲೀನರಾಗಿ, ಬೈಸಿಕೊಂಡು, ಡ್ರೈವರಾಗಿದ್ದ. ವಾಪಸು ಮಣ್ಣಿಗೆ ಇಳಿಯುವ ಮನಸ್ಸು ಅವನಿಗಿರಲಿಲ್ಲ.

ಕೆಲಸ ಹೇಳಿಕೊಳ್ಳಲು ಸುಲಭ. ಮಧ್ಯಾಹ್ನ ಕೊಯ್ದ ದ್ರಾಕ್ಷಿಯನ್ನು ಸಾಯಂಕಾಲದ ಮೇಲ್ ಹೊರಡುವ ಮುಂಚೆ ಯಶವಂತಪುರ ಸ್ಟೇಷನ್ನಿಗೆ ಮುಟ್ಟಿಸಬೇಕು. ತಪ್ಪಿದರೆ ಬುಟ್ಟಿಗಳು ಪ್ಲಾಟ್‌ಫಾರಂ ಮೇಲೆ ಉಳಿದು, ಬೆಳಿಗ್ಗೆಗೆ ತಳದ ಹಣ್ಣು ಒಡೆದು ಹುಳಿ ನಾತ ಹೊಡೆಯುತ್ತದೆ. ವ್ಯಾನು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಫೋರ್ಡ್ ವಿ-ಎಯ್ಟ್. ಯಲಹಂಕದ ಏರು ಹತ್ತುವಷ್ಟರಲ್ಲಿ ಅದಕ್ಕೆ ಏದುಸಿರು ಬರುತ್ತಿತ್ತು.

"ಎಂಜಿನ್ನು ಸತ್ತಿಲ್ಲ," ಎಂದಳು ಮೆಹಬೂಬ್ ಬೀ. "ಉಸಿರು ಸಾಲ್ದು, ಅಷ್ಟೆ. ಕ್ಯಾಮ್ ಶಾಫ್ಟು ಸವೆದಿದೆ."

ಹೆಬ್ಬಾಳದ ಕೆರೆ ಹಿಂದೆ ತಗಡಿನ ಶೆಡ್ಡು ಅವಳದು. ಮಿಲಿಟರಿ ಗಾಡಿಗಳ ಹಳೇ ಸಾಮಾನು ಕೊಳ್ಳುವುದು, ಬಿಚ್ಚುವುದು, ಜೋಡಿಸುವುದು. ಗಂಡ ಇದ್ದಾಗಲೂ ಕೆಲಸ ಇವಳದೇ, ಮಾತು ಮಾತ್ರ ಅವನದು ಎಂದು ಜನ ಹೇಳುತ್ತಿದ್ದರು. ಬಿಚ್ಚಿಟ್ಟ ಎಂಜಿನ್ನಿನ ಹೊಟ್ಟೆಯಿಂದ ಅವಳು ಒಂದು ಉದ್ದನೆಯ ಶಾಫ್ಟು ಎಳೆದು ತೊಡೆಯ ಮೇಲಿಟ್ಟುಕೊಂಡಳು. ಅದರ ಮೈಮೇಲೆ ಹದಿನಾರು ಉಬ್ಬು. ಶಾಫ್ಟು ತಿರುಗಿದಂತೆ ಒಂದೊಂದು ಉಬ್ಬೂ ತನ್ನ ಮೇಲೆ ಕೂತ ಟ್ಯಾಪೆಟ್ಟು ಎಂಬ ಉಕ್ಕಿನ ತುಂಡನ್ನು ಎತ್ತುತ್ತದೆ, ಟ್ಯಾಪೆಟ್ಟು ವಾಲ್ವನ್ನು ಎತ್ತುತ್ತದೆ. ವಾಲ್ವು ಎಷ್ಟು ಮೇಲೆ ಎದ್ದು ಎಷ್ಟು ಹೊತ್ತು ತೆರೆದಿರುತ್ತದೋ ಎಂಜಿನ್ನಿಗೆ ಅಷ್ಟೇ ಉಸಿರು. ಮೆಹಬೂಬ್ ಬೀ ಒಂದು ಉಬ್ಬಿನ ಮೇಲೆ ಅವನ ಬೆರಳನ್ನು ಒತ್ತಿದಳು. ಮೊನೆ ಸವೆದು ಬೆಣಚುಕಲ್ಲಿನ ಹಾಗೆ ನುಣ್ಣಗಿತ್ತು.

"ಹೊಸ ಕಂಪನಿ ಮಾಲು ಮದ್ರಾಸಿಂದ ತರಿಸಬಹುದು, ಹೊಸ ಟ್ಯಾಪೆಟ್ ಸಮೇತ. ಬರೋ ಹೊತ್ತಿಗೆ ನಿನ್ನ ದ್ರಾಕ್ಷಿ ಕಾಲ ಮುಗಿದಿರ್ತದೆ. ಬಂದ್ರೂ ಗಾಡಿ ಹೊಸದರಲ್ಲಿ ಹೆಂಗಿತ್ತೋ ಹಂಗೆ ಓಡ್ತದೆ. ಅದಕ್ಕಿಂತ ಒಂದು ಗೇಣು ಜಾಸ್ತಿ ಇಲ್ಲ."

"ಸಾಲಲ್ಲ."

"ಶಿವಾಜಿನಗರದಲ್ಲಿ ಸಾಣೆ ಹಿಡಿಯೋನು ಒಬ್ಬ ಇದಾನೆ. ಇದನ್ನೇ ಕಡೆದು ಉಬ್ಬಿಗೆ ಎತ್ತರ ಕೊಡ್ತಾನೆ. ಏರೋಡ್ರಮ್ಮಲ್ಲಿ ರೇಸು ಬಿಡೋ ಸಾಹೇಬರ ಮಕ್ಕಳು ಅವನ ಹತ್ರಾನೇ ಹೋಗೋದು. ಆದ್ರೆ ಆ ಗಾಡಿ ಓಡ್ತಾ ಇದ್ರೆ ಮಾತ್ರ ಕುದುರೆ. ನಿಂತು ಹೊರಟ್ರೆ ಎಮ್ಮೆ. ನೀನು ಹೊರೆ ಹೊತ್ಕೊಂಡು ರೈಲ್ವೆ ಗೇಟಲ್ಲಿ ನಿಂತು ಹೊರಡೋನು."

"ಮತ್ತೇನ್ ಮಾಡ್ಲಿ ಬೀಬಿ?"

ಅವಳು ಒಳಗೆ ಹೋಗಿ ಗೋಣಿಯಲ್ಲಿ ಸುತ್ತಿದ್ದ ಇನ್ನೊಂದು ಶಾಫ್ಟು ತಂದಳು. ಜೊತೆಗೆ ಹಳೇ ಸೀರೆಯ ಅಂಚಿನಿಂದ ಹೊಲಿದ ಉದ್ದನೆಯ ಪಟ್ಟಿ. ಪಟ್ಟಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಚೀಲ, ಒಂದೊಂದರಲ್ಲೂ ಒಂದೊಂದು ಟ್ಯಾಪೆಟ್ಟು.

"ಲಕ್ಕಣ್ಣಂದು," ಎಂದಳು.

ಲಕ್ಕಣ್ಣ ಯಾರೆಂದು ಆ ರಸ್ತೆಯಲ್ಲಿ ಹೇಳಬೇಕಾಗಿರಲಿಲ್ಲ. ಇದೇ ದ್ರಾಕ್ಷಿಯನ್ನು ಇದೇ ಸ್ಟೇಷನ್ನಿಗೆ ಸ್ವಂತ ವ್ಯಾನಿನಲ್ಲಿ ಹೊಡೆಯುತ್ತಿದ್ದವನು. ಅದೂ ಫೋರ್ಡ್ ವಿ-ಎಯ್ಟೇ. ಒಂದು ದಿನವೂ ಮೇಲ್ ತಪ್ಪಿಸಿದವನಲ್ಲ. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಅಲ್ಲಾಳಸಂದ್ರದ ಕೆರೆ ಏರಿಯ ಮೇಲೆ ವ್ಯಾನು ಮಗುಚಿ ನೀರಿಗೆ ಬಿತ್ತು. ವ್ಯಾನನ್ನು ಮೆಹಬೂಬ್ ಬೀ ತೂಕಕ್ಕೆ ಕೊಂಡಳು.

"ಯುದ್ಧದ ಕಾಲದಲ್ಲಿ ಒಬ್ಬ ಬಿಳೀ ಮೆಕ್ಯಾನಿಕ್ ಕಡೆದಿದ್ದು ಇದು. ಎತ್ತರಾನೂ ಇದೆ, ಅಗಲಾನೂ ಇದೆ, ಹೊರೆ ಹೊತ್ತು ನಿಂತು ಹೊರಟ್ರೂ ಎಳೀತದೆ. ಇಂಥದ್ದು ನಾನು ಇನ್ನೊಂದು ನೋಡಿಲ್ಲ. ಸತ್ತೋನ ಗಾಡೀದು ಅಂತ ಯಾರೂ ಮುಟ್ಟಲಿಲ್ಲ. ನೀನು ಅದೆಲ್ಲಾ ನಂಬ್ತೀಯಾ?"

"ನಾನು ನಂಬೋದು ಆಂಜಿನಪ್ಪನ್ನ. ಅವನು ಹೇಳಿದ್ರೆ ಮಾಡೇ ಮಾಡ್ತಾನೆ."

ಮೆಹಬೂಬ್ ಬೀ ನಗಲಿಲ್ಲ. ಕೂತು ಒಂದೊಂದೇ ಚೀಲ ಬಿಚ್ಚಿ, ಟ್ಯಾಪೆಟ್ಟು ತೆಗೆದು, ಎಣ್ಣೆ ಸವರಿ ಇಳಿಸತೊಡಗಿದಳು. ಯಾವ ಟ್ಯಾಪೆಟ್ಟು ಯಾವ ಉಬ್ಬಿನ ಮೇಲೆ ಸವೆದಿತ್ತೋ ಅದೇ ಉಬ್ಬಿನ ಮೇಲೆ ಕೂರಬೇಕು. ಅದಲುಬದಲಾದರೆ ಒಂದನ್ನೊಂದು ಕೆರೆದು ವಾರದಲ್ಲಿ ಎರಡೂ ಹಾಳು. "ವರ್ಷಗಟ್ಟಲೆ ಉಜ್ಜಿ ಉಜ್ಜಿ ಒಂದಕ್ಕೊಂದು ಒಗ್ಗಿವೆ," ಎಂದಳು. "ಹೊಸಾ ಮನೆಗೆ ಬಂದ್ರೂ ಹಳೇ ಸಂಸಾರ."

ಎಂಜಿನ್ನು ಜೋಡಿಸಿ ಮುಗಿದಾಗ ಮಾರನೆಯ ದಿನ ಬೆಳಿಗ್ಗೆ. ಚನ್ನಕೇಶವ ಸ್ಟಾರ್ಟ್ ಮಾಡಿದ. ಅದು ಒಂದೇ ಸಮ ಓಡುವ ಸದ್ದಲ್ಲ. ದಡ್ ದಡ್ ಎಂದು ಎರಡು ಹೊಡೆತ, ಆಮೇಲೆ ಏನನ್ನೋ ನುಂಗಿದ ಹಾಗೆ ಒಂದು ಬಿಡುವು, ಮತ್ತೆ ಒಂದು ಹೊಡೆತ. ಅಗಲವಾದ ಕ್ಯಾಮಿನ ಎಂಜಿನ್ನು ನಿಂತಲ್ಲಿ ಹಾಗೇ ಕುಂಟುತ್ತದೆ, ವೇಗ ಹತ್ತಿದರೆ ಸರಿಹೋಗುತ್ತದೆ. ಅದು ಅವನಿಗೆ ಗೊತ್ತಿತ್ತು. ಒಳಗಿನಿಂದ ಮೆಹಬೂಬ್ ಬೀಯ ಮಗಳು ಅಕ್ಬರಿ ತಲೆ ಮೇಲೆ ಸೆರಗೆಳೆದುಕೊಂಡು ಟೀ ಲೋಟ ಹಿಡಿದು ಬಂದಳು. ಬಂದವಳು ಬಾಗಿಲಲ್ಲೇ ನಿಂತಳು. ಲೋಟದಲ್ಲಿದ್ದದ್ದು ಹಾಲಿಲ್ಲದ ಕರೀ ಟೀ. ಚನ್ನಕೇಶವ ಎಂದೂ ಅದನ್ನು ಕುಡಿದವನಲ್ಲ.

"ಸದ್ದು ಕೇಳಿ ಲಕ್ಕಣ್ಣಂಗೆ ಮಾಡೋ ಹಂಗೇ ಮಾಡ್ಬಿಟ್ಟೆ," ಎಂದು ಅವಳು ಲೋಟವನ್ನು ವಾಪಸು ಒಯ್ದಳು.

ಆವತ್ತು ಮೇಲ್ ಬರುವುದಕ್ಕೆ ಎಷ್ಟೋ ಮುಂಚೆಯೇ ಅವನು ಯಶವಂತಪುರದಲ್ಲಿದ್ದ. ಬುಟ್ಟಿ ಇಳಿಸಿ, ಕಡಲೆಕಾಯಿ ತಿಂದು, ಇನ್ನೂ ಕಾದ. ಎಂಜಿನ್ನು ಯಲಹಂಕದ ಏರನ್ನು ಏರೆಂದೇ ಲೆಕ್ಕಕ್ಕಿಡದೆ ಎಳೆದಿತ್ತು. ಆದರೆ ಅಷ್ಟು ಹೊತ್ತು ಉಳಿದದ್ದು ಎಂಜಿನ್ನಿನಿಂದ ಮಾತ್ರ ಅಲ್ಲ ಎಂದು ಅವನಿಗೆ ಅಲ್ಲೇ ಅನ್ನಿಸಿತ್ತು. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಯವರು ಹಾರನ್ನಿಗೆ ಮುಂಚೆಯೇ, ಹಿಂದೆ ತಿರುಗಿ ನೋಡದೆ ಪಕ್ಕಕ್ಕೆ ಸರಿದಿದ್ದರು. ಅಲ್ಲಾಳಸಂದ್ರದ ಕುರಿಗಳು ಸಹ ಸರಿದಿದ್ದವು. ಮತ್ತಿಕೆರೆಗೆ ಮುಂಚಿನ ರೈಲ್ವೆ ಗೇಟು ಯಾವಾಗಲೂ ಹಾಕಿಯೇ ಇರುವಂಥದು. ಗಾಡಿ ಬಂದು ಹಾರನ್ ಹೊಡೆದರೆ ಗೇಟಿನ ಪಿಳ್ಳಣ್ಣ ಗೂಡಿನಿಂದ ಎದ್ದು, ಹಳಿ ಆಕಡೆ ಈಕಡೆ ನೋಡಿ, ಬೀಗ ತೆಗೆಯಬೇಕು. ಚನ್ನಕೇಶವನ ಹೊತ್ತೆಲ್ಲ ಹಾಳಾಗುತ್ತಿದ್ದದ್ದು ಅಲ್ಲೇ. ಆವತ್ತು ಅವನು ತಿರುವಿಗೆ ಬರುವಷ್ಟರಲ್ಲಿ ಗೇಟು ತೆರೆದಿತ್ತು. ಪಿಳ್ಳಣ್ಣ ಹಸಿರು ಬಾವುಟ ಕಂಕುಳಲ್ಲಿಟ್ಟು, ಬೀಡಿ ಹಚ್ಚುತ್ತಾ, ಒಂದು ಕೈ ಎತ್ತಿದ. ಆಮೇಲೆ ವ್ಯಾನಿನೊಳಗಿನ ಮುಖ ನೋಡಿ ಕೈ ಇಳಿಸಿದ.

ಜನಕ್ಕೆ ಆ ಸದ್ದು ಅಭ್ಯಾಸವಾಗಿದೆ, ಅಷ್ಟೆ. ಚನ್ನಕೇಶವ ಹಾಗೆಂದುಕೊಂಡ. ಅವನು ಯೋಚಿಸಿದ್ದು ತಪ್ಪೂ ಅಲ್ಲ. ಲಕ್ಕಣ್ಣನ ವೇಗದಲ್ಲಿ ಅರ್ಧ ಕ್ಯಾಮಿನದು, ಇನ್ನರ್ಧ ದಾರಿಯ ಜನರ ಕಿವಿಯದು. ಸತ್ತವನು ಬಿಟ್ಟುಹೋದ ಸಲೀಸು ಬದುಕಿದವನಿಗೆ ಸಿಕ್ಕರೆ ಯಾರಿಗೇನು ನಷ್ಟ?

ಎರಡನೆಯ ವಾರ ಅಲ್ಲಾಳಸಂದ್ರದಲ್ಲಿ ಎಮ್ಮೆಗಳು ಅಡ್ಡ ಬಂದು ಅವನು ಒಂದು ಹಳೇ ಹೆಂಚಿನ ಮನೆಯ ಮುಂದೆ ನಿಲ್ಲಿಸಬೇಕಾಯಿತು. ಎಂಜಿನ್ನು ಕುಂಟುತ್ತಾ ನಿಂತಿತ್ತು. ಬಾಗಿಲು ತೆರೆದು ಒಬ್ಬ ಮುದುಕಿ ಬಂದಳು. ಅವನ ಕಡೆ ನೋಡಲಿಲ್ಲ. ಜಗುಲಿಯ ಪಕ್ಕದ ಕಲ್ಲಿನ ಮೇಲೆ ಮುತ್ತುಗದ ಎಲೆಯ ಪೊಟ್ಟಣ ಒಂದು ಇಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೊಟ್ಟಣದಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೇಯಿಸಿದ ಒಂದು ಮೊಟ್ಟೆ. ಮೇಲೆ ಒಂದು ಬೀಡಿ.

ಮುನಿಗಂಗಮ್ಮ, ಲಕ್ಕಣ್ಣನ ತಾಯಿ. ಅವಳಿಗೆ ಕಣ್ಣು ಮಬ್ಬು ಎಂದು ಅವನು ಕೇಳಿದ್ದ. ಪಾಪ, ಸದ್ದು ಕೇಳಿ ಮಗನೇ ಬಂದ ಅಂದುಕೊಂಡಿದ್ದಾಳೆ. ಹೇಳಿದರೆ ನೋವು, ಹೇಳದಿದ್ದರೆ ರೊಟ್ಟಿ. ಅವನಿಗೆ ಹಸಿವಾಗಿತ್ತು. ತಿಂದ. ಬೀಡಿ ಸೇದುವವನಲ್ಲ, ಅದನ್ನು ಬಿಸಾಕಿದ.

ಮಾರನೆಯ ದಿನ ಎಮ್ಮೆ ಇರಲಿಲ್ಲ. ಅವನು ನಿಲ್ಲಿಸಿದ. ಹೇಗೂ ಹೊತ್ತಿತ್ತು. ಪೊಟ್ಟಣ ಆಗಲೇ ಕಲ್ಲಿನ ಮೇಲಿತ್ತು, ಬಾಗಿಲು ಹಾಕಿತ್ತು. ಹೀಗೇ ದಿನವೂ ನಡೆಯಿತು. ರೊಟ್ಟಿ ಯಾವಾಗಲೂ ಬಿಸಿ. ಕೆಲವು ದಿನದ ಮೇಲೆ ಅವನಿಗೆ ಆ ಮನೆ ಇನ್ನೂ ದೂರವಿರುವಾಗಲೇ ಬಾಯಲ್ಲಿ ನೀರೂರುತ್ತಿತ್ತು. ಭಾನುವಾರ ದ್ರಾಕ್ಷಿ ಇಲ್ಲದ ದಿನ, ಅಪ್ಪನ ಜೊತೆ ಗೂಡಿನ ಹತ್ತಿರ ಕೂತಿದ್ದಾಗಲೂ, ಸರಿಯಾಗಿ ಅದೇ ಹೊತ್ತಿಗೆ ಊರುತ್ತಿತ್ತು. ಒಂದು ದಿನ ಯಶವಂತಪುರದಲ್ಲಿ ಕೈ ತೊಳೆಯುವಾಗ ತುಟಿಯಲ್ಲಿ ಕಹಿ ಹತ್ತಿತು. ಬೀಡಿ. ಯಾವಾಗ ಹಚ್ಚಿದ್ದೆಂದು ನೆನಪಾಗಲಿಲ್ಲ. ಅಭ್ಯಾಸಗಳು ಹಾಗೇ ಶುರುವಾಗುತ್ತವೆ ಎಂದುಕೊಂಡು ಬಾಯಿ ಮುಕ್ಕಳಿಸಿದ.

ಆದರೂ ಅದು ಅವನಿಗೆ ಸರಿಬರಲಿಲ್ಲ. ಬೀಡಿ ಇಡಬೇಡಿ ಎಂದು ಹೇಳಿಬಿಡೋಣವೆಂದು ಮಾರನೆಯ ದಿನ ಎಂಜಿನ್ನು ಓಡುತ್ತಿರಲು ಬಿಟ್ಟು ಇಳಿದು ಬಾಗಿಲು ಬಡಿದ.

"ಬಾಗ್ಲು ತೆಗಿಯಾಕಿಲ್ಲ," ಎಂದಿತು ಒಳಗಿನ ದನಿ, ಬಾಗಿಲಿಗೆ ತೀರಾ ಹತ್ತಿರದಿಂದ. "ತಿಂದು ಓಗು."

"ಅಜ್ಜೀ, ಒಂದು ಮಾತು."

"ಎಡೆ ಇಕ್ಕಿದ್ ಮ್ಯಾಲೆ ಬಾಗ್ಲು ಆಕ್ಕಬೇಕು. ನೋಡಬಾರ್ದು. ನಿಂಗೊತ್ತಿಲ್ವಾ?"

ಚನ್ನಕೇಶವನ ಕೈ ಬಾಗಿಲ ಮೇಲೇ ಉಳಿಯಿತು. ಎಡೆ ಇಡುವುದು ಸತ್ತವರಿಗೆ. ಅವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಅವರು ಬಂದು ಉಣ್ಣುವಾಗ ಬದುಕಿದವರ ಕಣ್ಣು ಬೀಳಬಾರದು. ಇದು ಅವನ ಮನೆಯಲ್ಲೂ ಇದ್ದದ್ದೇ. ಅವ್ವನಿಗೆ ಅವನೇ ಇಟ್ಟಿದ್ದ.

"ಅಜ್ಜೀ, ನಾನು ಲಕ್ಕಣ್ಣ ಅಲ್ಲ. ನನ್ ಹೆಸರು ಚನ್ನಕೇಶವ. ಆಂಜಿನಪ್ಪನ ಡ್ರೈವರ್ರು."

"ಗೊತ್ತು ಬುಡು. ನನ್ ಮಗ ಸತ್ತಿದ್ದು ನಂಗೊತ್ತಿಲ್ವಾ? ನಾನೇ ಅಲ್ವಾ ಮೈ ತೊಳ್ದಿದ್ದು. ಅನ್ನೊಂದ್ನೇ ದಿನ ಇಕ್ಕಿದ್ದನ್ನ ಕಾಗೆ ಮುಟ್ಲಿಲ್ಲ. ಆಮ್ಯಾಲೂ ಮುಟ್ಲಿಲ್ಲ. ವರ್ಸೆಲ್ಲಾ ಇಕ್ಕಿ ಇಕ್ಕಿ ನಾಯಿಗಾಕಿದೀನಿ. ನೀನು ಬಂದ್ ಮ್ಯಾಲೆ ಎಲೆ ಕಾಲಿಯಾಯ್ತು."

"ತಿಂದಿದ್ದು ನಾನು ಅಜ್ಜೀ."

"ಬಾಯಿ ನಿಂದು. ತಿನ್ನೋನು ಅವ್ನು."

ಹಿಂದೆ ಎಂಜಿನ್ನು ಎರಡು ಹೊಡೆದು, ನುಂಗಿ, ಒಂದು ಹೊಡೆಯಿತು. ಚನ್ನಕೇಶವನಿಗೆ ಸಿಟ್ಟು ಬಂದರೆ ಚೆನ್ನಾಗಿತ್ತು, ಬರಲಿಲ್ಲ.

"ಬರೋ ಸ್ವಾಮಾರಕ್ಕೆ ವರ್ಸ ತುಂಬ್ತದೆ," ಎಂದಳು ಮುನಿಗಂಗಮ್ಮ. "ನೆಂಟ್ರು ಬತ್ತಾರೆ. ಬಾಡು ಮಾಡಿ ಇಕ್ತೀವಿ. ಅದೇ ಕಡೇದು. ಆಮ್ಯಾಲೆ ಈ ದಾರೀಲಿ ಬರಬ್ಯಾಡ."

"ಬಂದ್ರೆ?"

"ವರ್ಸ ತುಂಬಿದ್ ಮ್ಯಾಲೂ ಬರೋನ್ನ ಮಗ ಅನ್ನಾಕಾಯ್ತದೇನಪ್ಪಾ."

ಅವಳು ಅದನ್ನು ಹೆದರಿಸುವ ದನಿಯಲ್ಲಿ ಹೇಳಲಿಲ್ಲ. ಕೋಳಿ ಕೂಡಿಹಾಕುವ ಹೊತ್ತಾಯಿತು ಎಂದ ಹಾಗೆ ಹೇಳಿದಳು.

ಅವನು ಮೆಹಬೂಬ್ ಬೀಯ ಹತ್ತಿರ ಹೋಗಿ ಬೇರೆ ಕ್ಯಾಮ್ ಹಾಕಿಕೊಡು ಎಂದ. ಯಾಕೆಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ. "ನಿನ್ನ ಹಳೇದು ಹಂಗೇ ಹಾಕಿದ್ರೆ ಮೇಲ್ ಸಿಕ್ಕಲ್ಲ. ಸಾಣೆ ಹಿಡಿಸ್ಕೊಂಡು ಬಂದು ಜೋಡಿಸೋಕೆ ವಾರ ಬೇಕು. ಅಲ್ಲೀವರೆಗೆ ವ್ಯಾನು ಇಲ್ಲೇ ಮಲಗ್ತದೆ. ಆಂಜಿನಪ್ಪ ಒಪ್ತಾನಾ?"

ಆಂಜಿನಪ್ಪ ಒಪ್ಪಲಿಲ್ಲ. ಕೊಯ್ಲು ಭರದಲ್ಲಿತ್ತು. "ಓಡ್ತಿರೋ ಗಾಡಿ ಯಾಕ್ಲಾ ಬಿಚ್ತೀಯ? ವಾರ ನಿಲ್ಸಿದ್ರೆ ಬ್ಯಾರೆ ಗಾಡಿ ಗೊತ್ತು ಮಾಡ್ತೀನಿ, ಬ್ಯಾರೆ ಡ್ರೈವರ್ನೂವೆ." ಅಷ್ಟೇ ಅಂದದ್ದು. ಬೇರೆ ದಾರಿಯೂ ಇರಲಿಲ್ಲ. ಜಾಲಹಳ್ಳಿ ಕಡೆಯಿಂದ ಬಳಸಿ ಹೋದರೆ ಯಾವ ಕ್ಯಾಮೂ ಮೇಲ್ ಹಿಡಿಸಲಾರದು. ಚನ್ನಕೇಶವ ಅಪ್ಪನ ಪಾದ ನೆನೆಸಿಕೊಂಡ. ಮುದುಕಿಯ ಮಾತಿಗೆ ಹೆದರಿ ಮಣ್ಣು ತುಳಿಯಲು ಹೋದವನು ಎಂದು ಊರು ನಗುವುದನ್ನೂ ನೆನೆಸಿಕೊಂಡ. ವ್ಯಾನು ಬಿಚ್ಚಲಿಲ್ಲ. ಎಡೆ ಮಾತ್ರ ಇನ್ನು ಮುಟ್ಟುವುದಿಲ್ಲ ಎಂದು ಗಟ್ಟಿಮಾಡಿಕೊಂಡ.

ಸೋಮವಾರ ಆ ಮನೆಯ ಮುಂದೆ ಚಪ್ಪರವಿತ್ತು, ಜನರಿದ್ದರು. ನಿಲ್ಲಿಸದೆ ಹೋಗಿಬಿಡಬೇಕೆಂದು ಅವನು ದೂರದಿಂದಲೇ ಆಕ್ಸಿಲರೇಟರ್ ಒತ್ತಿದ್ದ. ಸದ್ದು ಕೇಳಿ ಮಾತು ನಿಂತಿತು. ಒಬ್ಬೊಬ್ಬರಾಗಿ ಎದ್ದು, ಮಕ್ಕಳನ್ನು ಎತ್ತಿಕೊಂಡು ಒಳಗೆ ಹೋದರು. ಯಾರಿಗೂ ಗಾಬರಿಯಿರಲಿಲ್ಲ. ಬಾಗಿಲು ಮುಚ್ಚಿತು. ಕಲ್ಲಿನ ಮೇಲೆ ಅಗಲವಾದ ಬಾಳೆ ಎಲೆ, ಮುದ್ದೆ, ಬಾಡಿನ ಸಾರು, ಮೊಟ್ಟೆ, ಒಂದು ಲೋಟ ಹೆಂಡ, ಒಂದು ಕಟ್ಟು ಬೀಡಿ. ಹೊಸ ಪಂಚೆ.

ವ್ಯಾನು ನಿಂತಿತ್ತು. ಬ್ರೇಕ್ ಒತ್ತಿದ್ದು ತನ್ನ ಕಾಲೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಇಳಿದು, ಕೂತು, ಮುದ್ದೆ ಮುರಿದ. ಅಷ್ಟು ರುಚಿಯಾದ ಸಾರು ಅವನು ಉಂಡಿರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಅಷ್ಟು ಜನ ಉಸಿರು ಹಿಡಿದು ನಿಂತಿರುವುದು ಅವನಿಗೆ ಗೊತ್ತಿತ್ತು. ಒಂದು ಮಗು ಕೆಮ್ಮಿತು, ಯಾರೋ ಅದರ ಬಾಯಿ ಮುಚ್ಚಿದರು. ಎಲೆ ಖಾಲಿ ಮಾಡಿ ಎದ್ದ. ಪಂಚೆ ಮುಟ್ಟಲಿಲ್ಲ. ಆ ಸಂಜೆಯೂ ಮೇಲ್ ಸಿಕ್ಕಿತು.

ಮಂಗಳವಾರ ಚಪ್ಪರ ಬಿಚ್ಚಿತ್ತು. ಮನೆಯ ಬಾಗಿಲಿಗೆ ಪೊರಕೆ, ಒಂದು ಹಳೇ ಎಕ್ಕಡ ಕಟ್ಟಿತ್ತು. ಹೊಸಿಲ ಮುಂದೆ ಬೂದಿಯ ಗೆರೆ. ಕಲ್ಲನ್ನು ಎತ್ತಿ ಎಲ್ಲೋ ಒಯ್ದಿದ್ದರು, ಅದಿದ್ದ ಜಾಗದಲ್ಲಿ ಒದ್ದೆ ಮಣ್ಣು. ಅವನು ನಿಲ್ಲಿಸದೆ ಮುಂದೆ ಹೋದ. ಹೊಟ್ಟೆ ಕಿತ್ತುಬರುವ ಹಸಿವು.

ಎದುರು ಬಂದ ಎತ್ತಿನ ಗಾಡಿಯವನು ಪಕ್ಕಕ್ಕೆ ಸರಿಯಲಿಲ್ಲ. ನಡುರಸ್ತೆಯಲ್ಲಿ ನಿಲ್ಲಿಸಿ, ಕಂಬಳಿ ಮುಖದ ಮೇಲೆ ಎಳೆದುಕೊಂಡು ಕೂತ. ಚನ್ನಕೇಶವ ಹಾರನ್ ಹೊಡೆದ, ಬೈದ. ಎತ್ತುಗಳು ಮಾತ್ರ ಅವನನ್ನು ನೋಡಿದವು. ಕೊನೆಗೆ ವ್ಯಾನನ್ನು ಹೊಲಕ್ಕೆ ಇಳಿಸಿ ಬಳಸಿ ಬಂದ. ಟೀ ಅಂಗಡಿಯ ತಡಿಕೆ ಸದ್ದು ಕೇಳುತ್ತಲೇ ಇಳಿಯಿತು. ಒಬ್ಬ ಹೆಂಗಸು ನೀರಿನ ಕೊಡ ಇಳಿಸಿ, ಬೆನ್ನು ತಿರುಗಿಸಿ ನಿಂತು, ನೆಲಕ್ಕೆ ಉಗಿದಳು.

ಗೇಟು ಹಾಕಿತ್ತು.

ರೈಲಿಲ್ಲ. ಹಳಿ ಎರಡೂ ಕಡೆ ಕಣ್ಣು ಹಾಯುವವರೆಗೂ ಬರಿದು. ಪಿಳ್ಳಣ್ಣ ಗೂಡಿನೊಳಗೆ ಗೋಡೆಗೆ ಮುಖ ಮಾಡಿ ಕೂತಿದ್ದ. ಚನ್ನಕೇಶವ ಹಾರನ್ ಹೊಡೆದ. "ಪಿಳ್ಳಣ್ಣಾ, ಗೇಟು" ಎಂದು ಕೂಗಿದ. ಬೆನ್ನು ಅಲುಗಲಿಲ್ಲ. ಅವನು ಇಳಿದು ಹೋಗಿ ಗೂಡಿನ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದ. ಪಿಳ್ಳಣ್ಣ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತುಟಿ ಅಲುಗಿಸುತ್ತಿದ್ದ. ಹಿಂದೆ ವ್ಯಾನು ಎರಡು ಹೊಡೆಯಿತು, ನುಂಗಿತು, ಒಂದು ಹೊಡೆಯಿತು.

ಚನ್ನಕೇಶವ ವಾಪಸು ಹೋಗಿ ಎಂಜಿನ್ನು ಆರಿಸಿದ.

"ಯಾರಪ್ಪಾ?" ಎಂದು ಪಿಳ್ಳಣ್ಣ ಎದ್ದು ಬಂದ. ಈಗಷ್ಟೇ ನೋಡಿದವನ ಹಾಗೆ, "ಓ, ಕೇಶವಾನಾ? ಯಾವಾಗ ಬಂದೆ?" ಎಂದ.

"ಗೇಟ್ ತೆಗಿ. ಮೇಲ್ ಹೊರಡೋ ಹೊತ್ತು."

"ನಿಂಗೆ ತೆಗೀತೀನಿ. ಅದನ್ನ ಸ್ಟಾರ್ಟ್ ಮಾಡ್ಬೇಡ. ತಳ್ಳು, ನಾನೂ ಕೈ ಹಾಕ್ತೀನಿ."

ಇಬ್ಬರೂ ಹೊರೆ ತುಂಬಿದ ವ್ಯಾನನ್ನು ಹಳಿ ದಾಟಿಸಿದರು. ಚಕ್ರ ಹಳಿಯ ಸಂದಿಗೆ ಕೂತಾಗ ಹೆಗಲು ಕೊಟ್ಟು ಎಬ್ಬಿಸಿದರು. ಆಚೆ ಮುಟ್ಟಿದ ಮೇಲೆ ಪಿಳ್ಳಣ್ಣ ಗೇಟು ಹಾಕಿ, ಬೀಗ ಹಾಕಿ, ಎರಡು ಸಲ ಎಳೆದು ನೋಡಿದ. "ನೀನು ಒಳ್ಳೇವ್ನು ಕಣಪ್ಪಾ. ನಡ್ಕೊಂಡು ಬಾ, ಯಾವತ್ತು ಬೇಕಾದ್ರೂ ಬಾ," ಎಂದು ಗೂಡಿಗೆ ಹೋದ.

ಯಶವಂತಪುರದ ಕಡೆಯಿಂದ ಮೇಲ್ ಕೂಗಿತು. ಹೊರಡುವ ಕೂಗು. ಬುಟ್ಟಿಗಳಿಂದ ಹಣ್ಣಿನ ವಾಸನೆ ಬಿಸಿಲಿಗೆ ಏಳುತ್ತಿತ್ತು. ನಾಳೆ ಆಂಜಿನಪ್ಪ ಏನೂ ಕೂಗಾಡದೆ ಕೈ ಚಾಚುತ್ತಾನೆ. ಬೀಗದ ಕೈ ಅವನ ಕೈಗಿಟ್ಟು ಜಕ್ಕೂರಿಗೆ ನಡೆಯಬೇಕು. ಚನ್ನಕೇಶವ ಸ್ಟೇರಿಂಗ್ ಹಿಂದೆ ಕೂತ. ಮುಂದೆ ಮತ್ತಿಕೆರೆ. ಅರಳಿಕಟ್ಟೆಯ ಮೇಲೆ ಗಂಡಸರು ಕೂತು ಮಾತಾಡುತ್ತಿದ್ದರು. ಜಗುಲಿಗಳ ಮೇಲೆ ಹೆಂಗಸರು ಮೊರ ಹಿಡಿದಿದ್ದರು. ಅವನನ್ನು ನೋಡಿ ಒಬ್ಬ ಗಂಡಸು, "ಏನಪ್ಪಾ, ಕೆಟ್ಟೋಯ್ತಾ?" ಎಂದು ಕೇಳಿದ.

"ಇಲ್ಲ," ಎಂದ ಚನ್ನಕೇಶವ. ಆ ಮನುಷ್ಯ ಇನ್ನೇನಾದರೂ ಕೇಳಲಿ ಎಂದು ಸ್ವಲ್ಪ ಹೊತ್ತು ಕಾದ. ಅವನು ಕೇಳಲಿಲ್ಲ. ಹಣ್ಣನ್ನಾದರೂ ಕೊಳೆಯುವ ಮುಂಚೆ ನೆರಳಿಗೆ ಮುಟ್ಟಿಸಬೇಕಿತ್ತು. ಚನ್ನಕೇಶವ ಸ್ಟಾರ್ಟರ್ ಒತ್ತಿದ.

ಕಟ್ಟೆಯ ಮೇಲಿನವರು ಎದ್ದರು. ಮೊರಗಳು ಒಳಗೆ ಹೋದವು. ಹತ್ತಿರದ ಬಾಗಿಲು ಮುಚ್ಚಿತು, ಅದರ ಪಕ್ಕದ್ದು, ಆಮೇಲೆ ಬೀದಿಯುದ್ದಕ್ಕೂ. ಖಾಲಿ ಬೀದಿಯಲ್ಲಿ ಅವನು ನಿಧಾನವಾಗಿ ವ್ಯಾನು ಬಿಟ್ಟುಕೊಂಡು ಹೋದ, ಒಂದೊಂದು ಮನೆಯ ಜಗುಲಿಯನ್ನೂ ನೋಡುತ್ತಾ, ಎಲ್ಲಾದರೂ ಒಂದು ಎಲೆ ಇಟ್ಟಿದ್ದಾರೇನೋ ಎಂದು.